ಹ್ಯಾಂಡ್ಲರ್ ಕೈಗೆ ಮಾಹಿತಿ ಕೊಡುವುದು ಹೇಗೆ?

ಒಂದು ಸಣ್ಣ ಕೆಲಸ ಇಟ್ಟುಕೊಂಡು ನೋಡೋಣ. ನಮ್ಮ ಹತ್ತಿರ ಹತ್ತಾರು ಮೇಲ್ ಸರ್ವರ್‌ಗಳ ಹೆಸರಿನ ಪಟ್ಟಿ ಇದೆ. ಒಂದೊಂದರ 25ನೇ ಪೋರ್ಟ್‌ಗೂ ಕನೆಕ್ಟ್ ಆಗಿ, ಅದು ಕಳಿಸುವ ಮೊದಲ ಸಾಲನ್ನು ಓದಿ, ಯಾವ ಸರ್ವರ್ ಏನು ಹೇಳಿತು ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಸರ್ವರ್ ಸಿದ್ಧವಾಗಿದ್ದರೆ ಆ ಸಾಲು 220 ಎಂಬ ಸಂಖ್ಯೆಯಿಂದ ಶುರುವಾಗುತ್ತದೆ.

ಎಲ್ಲರೂ ಮೊದಲು ಕಲಿಯುವ ರೀತಿಯಲ್ಲಿ ಬರೆದರೆ ಇದು ಕೆಲವೇ ಸಾಲುಗಳ ಪ್ರೋಗ್ರಾಂ. ಸಾಕೆಟ್ ತೆರೆ, ಓದು, ಬರೆ, ಮುಚ್ಚು, ಮುಂದಿನ ಹೆಸರಿಗೆ ಹೋಗು. ಸರ್ವರ್ ಹೆಸರು, ಫೈಲು ಎಲ್ಲವೂ ಅದೇ ಫಂಕ್ಷನ್ನಿನ ಒಳಗಿರುತ್ತವೆ, ಬೇಕಾದ ಸಾಲಿನಲ್ಲಿ ಕೈಗೆ ಸಿಗುತ್ತವೆ. ಆದರೆ ಒಂದು ಸರ್ವರ್ ನಿಧಾನ ಮಾಡಿತೆಂದರೆ ಅದರ ಹಿಂದಿನ ಸಾಲೆಲ್ಲ ಕಾಯುತ್ತ ನಿಲ್ಲಬೇಕು. ಹಾಗಾಗಬಾರದೆಂದೇ ಇವೆಂಟ್ ಲೂಪ್ ಬಂದದ್ದು. ಎಲ್ಲ ಸಂಪರ್ಕಗಳನ್ನೂ ಒಟ್ಟಿಗೆ ಶುರುಮಾಡಿ, 'ಯಾವುದರಲ್ಲಿ ಏನಾದರೂ ಆದರೆ ಈ ಹ್ಯಾಂಡ್ಲರನ್ನು ಕರೆ' ಎಂದು ಲೂಪ್‌ಗೆ ಒಪ್ಪಿಸಿ ನಾವು ಪಕ್ಕಕ್ಕೆ ಸರಿಯುತ್ತೇವೆ.

ಹೊಸಬರು ತಡವರಿಸುವುದು ಇಲ್ಲೇ. ಹ್ಯಾಂಡ್ಲರನ್ನು ಕರೆಯುವುದು ನಾವಲ್ಲ, ಲೂಪ್. ಎಷ್ಟೋ ಲೈಬ್ರರಿಗಳಲ್ಲಿ ಹ್ಯಾಂಡ್ಲರ್ ಆಬ್ಜೆಕ್ಟನ್ನು ಸೃಷ್ಟಿಸುವುದೂ ನಾವಲ್ಲ. ಹಾಗಿದ್ದರೆ 'ನೀನು ಮಾತಾಡುತ್ತಿರುವುದು ಇಂಥ ಸರ್ವರ್ ಜೊತೆ, ಉತ್ತರ ಬರೆಯಬೇಕಾದದ್ದು ಈ ಫೈಲಿಗೆ' ಎಂದು ಅದಕ್ಕೆ ಹೇಳುವುದು ಯಾವಾಗ, ಎಲ್ಲಿ? ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಹೋಗುವವರು ಹೆಸರಿನ ಚೀಟಿಯನ್ನು ಡಬ್ಬಿಗೇ ಅಂಟಿಸುತ್ತಾರೆ. ಬೀಸುವ ಹೊತ್ತಿಗೆ ತಾವು ಅಲ್ಲಿರುವುದಿಲ್ಲ ಎಂದು ಅವರಿಗೆ ಗೊತ್ತು. ಇಲ್ಲಿಯೂ ಮಾಹಿತಿ ಸಂಪರ್ಕಕ್ಕೆ ಅಂಟಿಕೊಂಡೇ ಹೋಗಬೇಕು.

ಕರ್ನಲ್ ಮಟ್ಟದಲ್ಲೇ ಇರುವ ಪ್ರಶ್ನೆ

ಈ ಪ್ರಶ್ನೆ ಲೈಬ್ರರಿಗಳು ಹುಟ್ಟಿಸಿದ್ದಲ್ಲ. 1983ರಲ್ಲಿ 4.2 ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ 'ಸೆಲೆಕ್ಟ್' ಕರೆ, ಯಾವ ಸಾಕೆಟ್‌ಗಳು ಸಿದ್ಧವಾಗಿವೆ ಎಂದಷ್ಟೇ ತಿಳಿಸುತ್ತದೆ. ಅದರಿಂದ ಸಿಗುವುದು ಬರೀ ಸಂಖ್ಯೆಗಳು. 7ನೇ ಸಾಕೆಟ್ ಅಂದರೆ ಯಾವ ಸರ್ವರ್, ಅದರ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬ ಪಟ್ಟಿಯನ್ನು ಪ್ರೋಗ್ರಾಂ ತಾನೇ ಇಟ್ಟುಕೊಳ್ಳಬೇಕು. ಮುಂದೆ ಲಿನಕ್ಸ್‌ಗೆ ಬಂದ 'ಇಪೋಲ್' ಒಂದು ಹೆಜ್ಜೆ ಮುಂದಿಟ್ಟಿತು. ಸಾಕೆಟನ್ನು ನೋಂದಾಯಿಸುವಾಗಲೇ 64 ಬಿಟ್‌ಗಳ ಒಂದು ಜಾಗದಲ್ಲಿ ನಮಗೆ ಬೇಕಾದದ್ದನ್ನು ಇಡಬಹುದು. ಕರ್ನಲ್ ಅದನ್ನು ಬಿಚ್ಚಿ ನೋಡುವುದಿಲ್ಲ. ಆ ಸಾಕೆಟ್‌ನಲ್ಲಿ ಏನಾದರೂ ನಡೆದಾಗ ಇಟ್ಟದ್ದನ್ನು ಇಟ್ಟ ಹಾಗೇ ಹಿಂದಿರುಗಿಸುತ್ತದೆ. ಸಾಮಾನ್ಯವಾಗಿ ಅಲ್ಲಿ ಇಡುವುದು ನಮ್ಮ ಆಬ್ಜೆಕ್ಟಿನ ಪಾಯಿಂಟರ್. ಕರ್ನಲ್ ಮೇಲೆ ಕಟ್ಟಿದ ಲೈಬ್ರರಿಗಳೂ ಇದೇ ಕೆಲಸವನ್ನು ತಂತಮ್ಮ ಭಾಷೆಗೆ ಒಗ್ಗುವಂತೆ ಮಾಡುತ್ತವೆ.

ಗ್ಲೋಬಲ್ ವೇರಿಯೇಬಲ್ ಯಾಕೆ ಬೇಡ

ಥಟ್ಟನೆ ಹೊಳೆಯುವ ದಾರಿ ಗ್ಲೋಬಲ್ ವೇರಿಯೇಬಲ್. ಸರ್ವರ್ ಹೆಸರನ್ನು ಅದರಲ್ಲಿಟ್ಟು ಹ್ಯಾಂಡ್ಲರ್ ಒಳಗಿಂದ ಓದಿದರಾಯಿತು ಅನ್ನಿಸುತ್ತದೆ. ಸಂಪರ್ಕ ಒಂದೇ ಇರುವ ತನಕ ಇದು ನಡೆಯುತ್ತದೆ. ಎರಡನೆಯದು ಶುರುವಾದ ಗಳಿಗೆಯಲ್ಲೇ ಮೊದಲನೆಯದರ ಹೆಸರು ಅಳಿಸಿಹೋಗುತ್ತದೆ. ಆಮೇಲೆ ಬರುವ ಅದರ ಉತ್ತರ ತಪ್ಪು ಹೆಸರಿನಲ್ಲಿ ಫೈಲು ಸೇರುತ್ತದೆ. ಪ್ರೋಗ್ರಾಂ ಬಿದ್ದುಹೋಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಅಪಾಯ ಇರುವುದು ಅದರಲ್ಲೇ.

ಫ್ಯಾಕ್ಟರಿ: ಟ್ವಿಸ್ಟೆಡ್ ದಾರಿ

ಪೈಥಾನ್‌ನ ಟ್ವಿಸ್ಟೆಡ್ ಲೈಬ್ರರಿ ಈ ಸಮಸ್ಯೆಯನ್ನು ಎರಡು ಪಾತ್ರಗಳಾಗಿ ಒಡೆದುಕೊಂಡಿದೆ. 'ಪ್ರೋಟೋಕಾಲ್' ಆಬ್ಜೆಕ್ಟ್ ಒಂದು ಸಂಪರ್ಕಕ್ಕೆ ಒಂದು. ಸಂಪರ್ಕದೊಂದಿಗೆ ಹುಟ್ಟಿ ಅದರೊಂದಿಗೇ ಮುಗಿಯುತ್ತದೆ. 'ಫ್ಯಾಕ್ಟರಿ' ಅದನ್ನು ಹುಟ್ಟಿಸುವ ಆಬ್ಜೆಕ್ಟ್. ಅದು ಸಂಪರ್ಕ ಕಡಿದ ಮೇಲೂ ಉಳಿದಿರುತ್ತದೆ. ಕನೆಕ್ಟ್ ಆದ ಕೂಡಲೇ ಲೂಪ್ ಫ್ಯಾಕ್ಟರಿಯ 'ಬಿಲ್ಡ್ ಪ್ರೋಟೋಕಾಲ್' ಮೆಥಡನ್ನು ಕರೆಯುತ್ತದೆ. ನಾವು ಏನನ್ನೂ ಬದಲಿಸದಿದ್ದರೆ ಆ ಮೆಥಡ್ ಮಾಡುವುದು ಮೂರೇ ಕೆಲಸ: ಪ್ರೋಟೋಕಾಲ್ ಆಬ್ಜೆಕ್ಟ್ ಸೃಷ್ಟಿಸುವುದು, ಅದರ 'ಫ್ಯಾಕ್ಟರಿ' ಎಂಬ ಗುಣಕ್ಕೆ ತನ್ನನ್ನೇ ಕೊಡುವುದು, ಅದನ್ನು ಲೂಪ್‌ಗೆ ಹಿಂದಿರುಗಿಸುವುದು.

ಟ್ವಿಸ್ಟೆಡ್ ಜೊತೆ ಬರುವ ಐಆರ್‌ಸಿ ಲಾಗ್ ಬಾಟ್ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಯಾವ ಚಾನೆಲ್ಲಿಗೆ ಸೇರಬೇಕು, ಯಾವ ಫೈಲಿಗೆ ಬರೆಯಬೇಕು ಎಂಬ ಎರಡು ವಿಷಯಗಳನ್ನು ಫ್ಯಾಕ್ಟರಿ ಸೃಷ್ಟಿಸುವಾಗ ಕೊಡುತ್ತಾರೆ. ಸರ್ವರ್ ಒಳಗೆ ಬಿಟ್ಟುಕೊಂಡ ಮೇಲೆ ಬಾಟ್ ತನ್ನ ಫ್ಯಾಕ್ಟರಿಯನ್ನು ಕೇಳಿ ಚಾನೆಲ್ ಹೆಸರು ತಿಳಿದುಕೊಂಡು ಸೇರುತ್ತದೆ. ನಮ್ಮ ಮೇಲ್ ಸರ್ವರ್ ಕೆಲಸಕ್ಕೂ ಇದೇ ಲೆಕ್ಕ. ಫೈಲು ಎಲ್ಲ ಸಂಪರ್ಕಗಳಿಗೂ ಸೇರಿದ್ದು, ಫ್ಯಾಕ್ಟರಿಯಲ್ಲಿರಲಿ. ಅರ್ಧ ಬಂದ ಸಾಲು ಆ ಒಂದು ಸಂಪರ್ಕದ್ದು, ಪ್ರೋಟೋಕಾಲ್‌ನಲ್ಲಿರಲಿ.

ಅರ್ಧ ಬಂದ ಸಾಲಿನ ಮಾತು ಸುಮ್ಮನೆ ಹೇಳಿದ್ದಲ್ಲ. ಟಿಸಿಪಿ ಕೊಡುವುದು ಬೈಟುಗಳ ಹರಿವು. ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. '22' ಒಂದು ಸಲಕ್ಕೆ, '0' ಇನ್ನೊಂದು ಸಲಕ್ಕೆ ಬಂದರೂ ಬರಬಹುದು. ಸಾಲು ಪೂರ್ತಿಯಾಗುವ ತನಕ ತುಣುಕುಗಳನ್ನು ಕೂಡಿಟ್ಟುಕೊಳ್ಳುವ ಬಫರ್ ಬೇಕೇ ಬೇಕು. ಆ ಬಫರನ್ನು ಫ್ಯಾಕ್ಟರಿಯಲ್ಲಿಟ್ಟರೆ ಹತ್ತು ಸರ್ವರ್‌ಗಳ ಮಾತು ಒಂದರೊಳಗೊಂದು ಕಲಸಿಹೋಗುತ್ತದೆ.

ಅಸಿಂಕ್ ಐಓ: ಆಬ್ಜೆಕ್ಟ್ ಕೊಡಬೇಡಿ, ಸೃಷ್ಟಿಸುವ ಬಗೆ ಕೊಡಿ

2014ರ ಪೈಥಾನ್ 3.4 ಜೊತೆ ಬಂದ ಅಸಿಂಕ್ ಐಓ, ಫ್ಯಾಕ್ಟರಿಯನ್ನು ಒಂದು ಫಂಕ್ಷನ್ನಿಗೆ ಇಳಿಸಿತು. 'ಕ್ರಿಯೇಟ್ ಕನೆಕ್ಷನ್' ಎಂಬ ಕರೆಯ ಮೊದಲ ಆರ್ಗ್ಯುಮೆಂಟೇ 'ಪ್ರೋಟೋಕಾಲ್ ಫ್ಯಾಕ್ಟರಿ'. ಕರೆದರೆ ಹ್ಯಾಂಡ್ಲರ್ ಆಬ್ಜೆಕ್ಟ್ ಕೊಡುವ ಏನೇ ಆದರೂ ಸರಿ. ಆದರೆ ಲೂಪ್ ಅದನ್ನು ಯಾವ ಆರ್ಗ್ಯುಮೆಂಟೂ ಇಲ್ಲದೆ ಕರೆಯುತ್ತದೆ. ಇದೊಂದು ನಿಯಮ ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಸರ್ವರ್ ಹೆಸರು ಬೇಡುವ ಕ್ಲಾಸನ್ನು ಹಾಗೇ ಕೊಟ್ಟರೆ 'ಆರ್ಗ್ಯುಮೆಂಟ್ ಸಾಲದು' ಎಂಬ ದೂರು ಬರುತ್ತದೆ. ಹೆಸರು ತುಂಬಿ ಆಬ್ಜೆಕ್ಟನ್ನೇ ಸೃಷ್ಟಿಸಿ ಕೊಟ್ಟರೆ 'ಇದನ್ನು ಕರೆಯಲಾಗದು' ಎಂಬ ದೂರು. ಎರಡೂ ದೂರು ಬರುವುದು ಸಂಪರ್ಕ ಆದ ನಂತರ, ಏಕೆಂದರೆ ಲೂಪ್ ಫ್ಯಾಕ್ಟರಿಯನ್ನು ಕರೆಯುವುದೇ ಆಗ. ಇದಕ್ಕೆ ಪರಿಹಾರ ಲ್ಯಾಂಬ್ಡಾ. ಹೆಸರಿಲ್ಲದ ಒಂದು ಪುಟ್ಟ ಫಂಕ್ಷನ್ ಬರೆದು, ಅದರೊಳಗೆ ಕ್ಲಾಸಿಗೆ ಹೆಸರು ಮತ್ತು ಫೈಲು ಕೊಟ್ಟು ಕರೆಯುವುದು.

ಇಲ್ಲೊಂದು ಗುಂಡಿ ಇದೆ, ಹತ್ತಿರದಿಂದ ನೋಡುವಂಥದ್ದು. ಫಾರ್ ಲೂಪ್ ಹಾಕಿ, ಪ್ರತಿ ಸರ್ವರ್ ಹೆಸರಿಗೂ ಒಂದು ಟಾಸ್ಕ್ ಸೃಷ್ಟಿಸಿ, ಅದರಲ್ಲಿ 'ಕ್ರಿಯೇಟ್ ಕನೆಕ್ಷನ್'ಗೆ ಲ್ಯಾಂಬ್ಡಾ, ಸರ್ವರ್ ಹೆಸರು, 25 ಎಂಬ ಮೂರನ್ನೂ ಕೊಡುತ್ತೇವೆ. ಎರಡನೆಯ ಆರ್ಗ್ಯುಮೆಂಟ್ ಆದ ಹೆಸರಿನ ಬೆಲೆ ಆ ಕ್ಷಣಕ್ಕೇ ನಿಶ್ಚಯವಾಗುತ್ತದೆ. ಲ್ಯಾಂಬ್ಡಾದ ಒಳಗಿನ ಹೆಸರು ಮಾತ್ರ ಲ್ಯಾಂಬ್ಡಾ ಓಡುವಾಗ, ಅಂದರೆ ಕನೆಕ್ಟ್ ಆದ ಮೇಲೆ, ನಿಶ್ಚಯವಾಗುತ್ತದೆ. ಆ ಹೊತ್ತಿಗೆ ಫಾರ್ ಲೂಪ್ ಮುಗಿದು ವೇರಿಯೇಬಲ್‌ನಲ್ಲಿ ಪಟ್ಟಿಯ ಕೊನೆಯ ಹೆಸರು ಕುಳಿತಿರುತ್ತದೆ. ಫಲಿತಾಂಶ ವಿಚಿತ್ರ: ಸಂಪರ್ಕಗಳೆಲ್ಲ ಸರಿಯಾದ ಸರ್ವರ್‌ಗಳಿಗೇ ಆಗುತ್ತವೆ, ಹ್ಯಾಂಡ್ಲರ್‌ಗಳೆಲ್ಲ ಕೊನೆಯ ಸರ್ವರ್ ಹೆಸರನ್ನೇ ಹೇಳುತ್ತವೆ. ಗ್ಲೋಬಲ್ ವೇರಿಯೇಬಲ್‌ನ ಅದೇ ತಪ್ಪು ಬೇರೆ ವೇಷದಲ್ಲಿ ಬಂದಿದೆ.

ಬಿಡಿಸಿಕೊಳ್ಳಲು ಎರಡು ದಾರಿಗಳಿವೆ. ಲ್ಯಾಂಬ್ಡಾಕ್ಕೆ ಡೀಫಾಲ್ಟ್ ಆರ್ಗ್ಯುಮೆಂಟ್ ಆಗಿ ಹೆಸರನ್ನು ಕೊಟ್ಟರೆ ಅದರ ಬೆಲೆ ಅಲ್ಲೇ ಗಟ್ಟಿಯಾಗುತ್ತದೆ. ಇಲ್ಲವೇ 'ಫಂಕ್‌ಟೂಲ್ಸ್' ಮಾಡ್ಯೂಲ್‌ನ 'ಪಾರ್ಶಿಯಲ್' ಬಳಸಬಹುದು. ಕ್ಲಾಸನ್ನೂ ಅದಕ್ಕೆ ಬೇಕಾದ ಆರ್ಗ್ಯುಮೆಂಟುಗಳನ್ನೂ ಅದು ಆಗಲೇ ಕಟ್ಟಿ ಒಂದು ಫಂಕ್ಷನ್ನಿನಂತೆ ಕೊಡುತ್ತದೆ. ಓದುವವರಿಗೆ ಎರಡನೆಯದೇ ಸ್ಪಷ್ಟ. ಜಾವಾಸ್ಕ್ರಿಪ್ಟ್‌ನಲ್ಲಿ ಹಳೆಯ 'ವಾರ್' ಬಳಸಿದರೂ ಇದೇ ಗುಂಡಿ. 2015ರ ಆವೃತ್ತಿಯಲ್ಲಿ ಬಂದ 'ಲೆಟ್' ಫಾರ್ ಲೂಪಿನ ಪ್ರತಿ ಸುತ್ತಿಗೂ ಹೊಸ ವೇರಿಯೇಬಲ್ ಕೊಟ್ಟು ಅದನ್ನು ಮುಚ್ಚಿತು.

ಇವೆಂಟ್ ಮಷೀನ್: ಯಾವುದು ಮೊದಲು, ಯಾವುದು ಆಮೇಲೆ

ರೂಬಿ ಭಾಷೆಯ ಇವೆಂಟ್ ಮಷೀನ್‌ನಲ್ಲಿ 'ಕನೆಕ್ಟ್' ಕರೆಗೆ ವಿಳಾಸ, ಪೋರ್ಟ್, ಹ್ಯಾಂಡ್ಲರ್ ಕ್ಲಾಸ್ ಕೊಟ್ಟ ಮೇಲೆ ಇನ್ನೂ ಎಷ್ಟು ಆರ್ಗ್ಯುಮೆಂಟ್ ಬೇಕಾದರೂ ಸೇರಿಸಬಹುದು. ಅವೆಲ್ಲ ನೇರವಾಗಿ ಹ್ಯಾಂಡ್ಲರಿನ 'ಇನಿಶಿಯಲೈಸ್' ಮೆಥಡ್‌ಗೆ ಹೋಗುತ್ತವೆ. ಇನ್ನೊಂದು ದಾರಿ, 'ಕನೆಕ್ಟ್'ಗೆ ಬ್ಲಾಕ್ ಕೊಡುವುದು. ಹೊಸದಾಗಿ ಸೃಷ್ಟಿಯಾದ ಹ್ಯಾಂಡ್ಲರ್ ಆ ಬ್ಲಾಕಿನ ಒಳಗೆ ಸಿಗುತ್ತದೆ, ಅಲ್ಲಿ ಅದಕ್ಕೆ ಬೇಕಾದ ಬೆಲೆಗಳನ್ನು ತುಂಬಬಹುದು.

ಎರಡೂ ಒಂದೇ ಎಂದು ತೋರಿದರೂ ಓಡುವ ಕ್ರಮ ಬೇರೆ. ಮೊದಲು 'ಇನಿಶಿಯಲೈಸ್', ನಂತರ 'ಪೋಸ್ಟ್ ಇನಿಟ್', ಬ್ಲಾಕ್ ಓಡುವುದು ಅವೆರಡೂ ಮುಗಿದ ಮೇಲೆ. ಸರ್ವರ್ ಹೆಸರನ್ನು ಬ್ಲಾಕಿನಲ್ಲಿ ತುಂಬಿ 'ಪೋಸ್ಟ್ ಇನಿಟ್'ನಲ್ಲಿ ಓದಲು ಹೋದರೆ ಸಿಗುವುದು 'ನಿಲ್'. ಹುಟ್ಟಿದ ಕೂಡಲೇ ಬೇಕಾಗುವ ಮಾಹಿತಿಯನ್ನು ಆರ್ಗ್ಯುಮೆಂಟ್ ಆಗಿಯೇ ಕೊಡಬೇಕು.

ಗಮನಿಸಬೇಕಾದ ಇನ್ನೊಂದು ಭೇದ ಇದೆ. ಇವೆಂಟ್ ಮಷೀನ್‌ನಲ್ಲಿ 'ಕನೆಕ್ಟ್' ಎಂದ ಕೂಡಲೇ ಹ್ಯಾಂಡ್ಲರ್ ಹುಟ್ಟಿಬಿಡುತ್ತದೆ, ಆಗ ಸಂಪರ್ಕ ಇನ್ನೂ ಆಗಿರುವುದಿಲ್ಲ. ಅದು ಆದದ್ದು 'ಕನೆಕ್ಷನ್ ಕಂಪ್ಲೀಟೆಡ್' ಬಂದಾಗ ತಿಳಿಯುತ್ತದೆ. ಆಗದೇ ಹೋದರೆ ನೇರ 'ಅನ್‌ಬೈಂಡ್' ಬರುತ್ತದೆ. ಟ್ವಿಸ್ಟೆಡ್ ಮತ್ತು ಅಸಿಂಕ್ ಐಓಗಳಲ್ಲಿ ಸಂಪರ್ಕ ಆಗದಿದ್ದರೆ ಹ್ಯಾಂಡ್ಲರ್ ಹುಟ್ಟುವುದೇ ಇಲ್ಲ. 'ಈ ಸರ್ವರ್ ಸಿಗಲಿಲ್ಲ' ಎಂದು ಬರೆಯುವ ಕೋಡನ್ನು ಅಲ್ಲಿ ಹ್ಯಾಂಡ್ಲರ್ ಒಳಗಿಟ್ಟರೆ ಅದು ಎಂದೂ ಓಡದು. ಟ್ವಿಸ್ಟೆಡ್‌ನಲ್ಲಿ ಆ ಸುದ್ದಿ ಫ್ಯಾಕ್ಟರಿಯ 'ಕ್ಲೈಂಟ್ ಕನೆಕ್ಷನ್ ಫೇಲ್ಡ್' ಮೆಥಡ್‌ಗೆ ಬರುತ್ತದೆ. ಅಸಿಂಕ್ ಐಓದಲ್ಲಿ 'ಅವೇಟ್' ಮಾಡಿದ ಜಾಗದಲ್ಲಿ ಎಕ್ಸೆಪ್ಷನ್ ಆಗಿ ಬರುತ್ತದೆ. ಹಾಗಾಗಿ ಸರ್ವರ್ ಹೆಸರು ಹ್ಯಾಂಡ್ಲರಿಗೆ ಗೊತ್ತಿದ್ದರೆ ಸಾಲದು, ಸಂಪರ್ಕ ಶುರುಮಾಡಿದ ಕಡೆಯೂ ಅದು ಉಳಿದಿರಬೇಕು.

ಸಿ ಭಾಷೆಯಲ್ಲಿ ಆಯಸ್ಸಿನ ಹೊಣೆ ನಮ್ಮದೇ

ಲಿಬ್‌ಇವೆಂಟ್‌ನಲ್ಲಿ ಕಾಲ್‌ಬ್ಯಾಕ್‌ಗಳನ್ನು ಹೊಂದಿಸುವ ಕರೆಯ ಕೊನೆಯ ಆರ್ಗ್ಯುಮೆಂಟ್ ಒಂದು ವಾಯ್ಡ್ ಪಾಯಿಂಟರ್. ಪ್ರತಿ ಕಾಲ್‌ಬ್ಯಾಕಿಗೂ ಲೈಬ್ರರಿ ಅದನ್ನು ಹಿಂದಿರುಗಿಸುತ್ತದೆ. ನೋಡ್ ಜೆಎಸ್‌ನ ತಳದಲ್ಲಿರುವ ಲಿಬ್‌ಯುವಿಯಲ್ಲಿ ಪ್ರತಿ ಹ್ಯಾಂಡಲ್‌ನಲ್ಲೂ 'ಡೇಟಾ' ಎಂಬ ಖಾಲಿ ಜಾಗ ಇದೆ. ಅದನ್ನು ಲೈಬ್ರರಿ ಮುಟ್ಟುವುದಿಲ್ಲ, ಅದು ನಮ್ಮದು.

ಇಲ್ಲಿ ಎಡವುವುದು ಆ ಪಾಯಿಂಟರ್ ತೋರಿಸುವ ಮೆಮೊರಿಯ ವಿಷಯದಲ್ಲಿ. ಫಂಕ್ಷನ್ನಿನ ಲೋಕಲ್ ವೇರಿಯೇಬಲ್ ವಿಳಾಸ ಕೊಟ್ಟರೆ, ಕಾಲ್‌ಬ್ಯಾಕ್ ಬರುವ ಹೊತ್ತಿಗೆ ಆ ಫಂಕ್ಷನ್ ಮುಗಿದು ಸ್ಟ್ಯಾಕ್‌ನ ಆ ಜಾಗ ಬೇರೆಯವರ ಪಾಲಾಗಿರುತ್ತದೆ. ಸಂಪರ್ಕಕ್ಕೆ ಒಂದರಂತೆ ಸ್ಟ್ರಕ್ಟನ್ನು 'ಮ್ಯಾಲಕ್' ಮಾಡಿ ಕೊಡಬೇಕು, ಕೊನೆಗೆ ಒಂದೇ ಒಂದು ಕಡೆ 'ಫ್ರೀ' ಮಾಡಬೇಕು. ಲಿಬ್‌ಯುವಿಯಲ್ಲಿ ಮುಚ್ಚುವ ಕೆಲಸವೂ ತಕ್ಷಣ ಮುಗಿಯುವುದಿಲ್ಲ. ಆದ್ದರಿಂದ ಹ್ಯಾಂಡಲ್‌ನ ಮೆಮೊರಿಯನ್ನು 'ಕ್ಲೋಸ್' ಎಂದ ಮುಂದಿನ ಸಾಲಿನಲ್ಲಿ ಬಿಡುವಂತಿಲ್ಲ. ಮುಚ್ಚಿದ ಸುದ್ದಿ ತರುವ ಕಾಲ್‌ಬ್ಯಾಕ್ ಒಳಗೆ ಬಿಡಬೇಕು.

ಉತ್ತರ ಹೊರಗೆ ತರುವುದು

ಮಾಹಿತಿ ಒಳಗೆ ಹೋದ ಹಾಗೆ ಉತ್ತರ ಹೊರಗೂ ಬರಬೇಕು. ಹ್ಯಾಂಡ್ಲರ್ ಓದಿದ ಸಾಲನ್ನು ಯಾರಿಗೆ ಒಪ್ಪಿಸಬೇಕು? 'ರಿಟರ್ನ್' ಮಾಡಿದರೆ ಅದು ಹೋಗುವುದು ಲೂಪ್ ಕೈಗೆ, ಲೂಪ್‌ಗೆ ಅದು ಬೇಕಿಲ್ಲ. ಇದಕ್ಕೆಂದೇ ಅಸಿಂಕ್ ಐಓದಲ್ಲಿ 'ಫ್ಯೂಚರ್', ಟ್ವಿಸ್ಟೆಡ್‌ನಲ್ಲಿ 'ಡಿಫರ್ಡ್' ಇವೆ. ಸರ್ವರ್ ಹೆಸರು ಕೊಡುವ ಕಡೆಯಲ್ಲೇ ಒಂದು ಖಾಲಿ ಫ್ಯೂಚರನ್ನೂ ಹ್ಯಾಂಡ್ಲರಿಗೆ ಕೊಡಿ. ಸಾಲು ಪೂರ್ತಿಯಾದಾಗ ಹ್ಯಾಂಡ್ಲರ್ ಅದರಲ್ಲಿ ಉತ್ತರ ಇಡುತ್ತದೆ, ಹೊರಗೆ 'ಅವೇಟ್' ಮಾಡುತ್ತಿರುವ ಕೋಡಿಗೆ ಅದು ಸಿಗುತ್ತದೆ. ಸಾಲು ಬರುವ ಮೊದಲೇ ಸಂಪರ್ಕ ಕಡಿದರೆ 'ಕನೆಕ್ಷನ್ ಲಾಸ್ಟ್' ಮೆಥಡ್‌ನಲ್ಲಿ ಎಕ್ಸೆಪ್ಷನ್ ಇಡಿ. ಇಲ್ಲದಿದ್ದರೆ ಹೊರಗಿನವರು ಕಾಯುತ್ತಲೇ ಇರುತ್ತಾರೆ. ಇಡುವ ಮುನ್ನ ಫ್ಯೂಚರ್ ಮುಗಿದಿದೆಯೇ ಎಂದು ಕೇಳಿಕೊಳ್ಳಿ, ಎರಡನೇ ಸಲ ಇಡಲು ಅದು ಬಿಡುವುದಿಲ್ಲ.

ಮತ್ತೆ ಕನೆಕ್ಟ್ ಆಗುವಾಗ

ಯಾವ ಮಾಹಿತಿ ಎಲ್ಲಿರಬೇಕು ಎಂಬುದರ ನಿಜವಾದ ಪರೀಕ್ಷೆ ಸಂಪರ್ಕ ಕಡಿದು ಮತ್ತೆ ಜೋಡಿಸುವಾಗ ಆಗುತ್ತದೆ. ಟ್ವಿಸ್ಟೆಡ್‌ನ 'ರೀಕನೆಕ್ಟಿಂಗ್ ಕ್ಲೈಂಟ್ ಫ್ಯಾಕ್ಟರಿ' ಸೋತಾಗಲೆಲ್ಲ ಕಾಯುವ ಸಮಯ ಹೆಚ್ಚಿಸುತ್ತ ಹೋಗುತ್ತದೆ. 1 ಸೆಕೆಂಡಿನ ಅಳತೆಯಿಂದ ಹೊರಟು ಪ್ರತಿ ಸಲವೂ ಸುಮಾರು 2.7 ಪಟ್ಟು ಬೆಳೆದು ಗರಿಷ್ಠ 3600 ಸೆಕೆಂಡಿಗೆ ನಿಲ್ಲುತ್ತದೆ. ಈ ಲೆಕ್ಕ ಹ್ಯಾಂಡ್ಲರಿನಲ್ಲಿದ್ದಿದ್ದರೆ ಪ್ರತಿ ಹೊಸ ಸಂಪರ್ಕಕ್ಕೂ ಮೊದಲಿಗೆ ಮರಳುತ್ತಿತ್ತು. ಫ್ಯಾಕ್ಟರಿಯಲ್ಲಿರುವುದರಿಂದ ಉಳಿಯುತ್ತದೆ. ಸಂಪರ್ಕ ಚೆನ್ನಾಗಿ ಕೂಡಿಕೊಂಡ ಮೇಲೆ 'ರೀಸೆಟ್ ಡಿಲೇ' ಕರೆದು ನಾವೇ ಅದನ್ನು ಮೊದಲಿಗೆ ತರಬೇಕು. ಅರ್ಧ ಸಾಲಿನ ಬಫರ್ ಇದಕ್ಕೆ ತದ್ವಿರುದ್ಧ: ಹಳೆಯ ಸಂಪರ್ಕದ ತುಣುಕು ಹೊಸ ಸಂಪರ್ಕದ ಮೊದಲ ಸಾಲಿಗೆ ಅಂಟಿದರೆ ಓದಿದ್ದೆಲ್ಲ ಕೆಟ್ಟಿತು.

ಹೀಗೆ ಭಾಷೆ, ಲೈಬ್ರರಿ ಯಾವುದಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾಹಿತಿಯ ಆಯಸ್ಸು ಎಷ್ಟು? ಪ್ರೋಗ್ರಾಂ ಇರುವಷ್ಟು ಹೊತ್ತು ಬೇಕಾದದ್ದು ಫ್ಯಾಕ್ಟರಿಗೆ. ಒಂದು ಸಂಪರ್ಕ ಇರುವಷ್ಟು ಹೊತ್ತು ಬೇಕಾದದ್ದು ಹ್ಯಾಂಡ್ಲರ್ ಆಬ್ಜೆಕ್ಟಿಗೆ, ಅದು ಹುಟ್ಟುವಾಗಲೇ. ಒಂದು ಇವೆಂಟ್ ಮುಗಿಯುವಷ್ಟು ಹೊತ್ತು ಸಾಕಾದದ್ದು ಕಾಲ್‌ಬ್ಯಾಕಿನ ಆರ್ಗ್ಯುಮೆಂಟಿಗೆ. ಕೋಡ್ ಬರೆಯುವ ಮೊದಲು ಹಾಳೆಯ ಮೇಲೆ ಈ ಮೂರು ಪಟ್ಟಿ ಮಾಡಿಕೊಂಡರೆ ಅರ್ಧ ವಿನ್ಯಾಸ ಮುಗಿದಂತೆ. ಬರೆದ ಮೇಲೆ ಒಂದೇ ಸಂಪರ್ಕದಿಂದ ಪರೀಕ್ಷಿಸಿ ಸಮಾಧಾನಪಡಬೇಡಿ. ಎರಡು ಪರೀಕ್ಷಾ ಸರ್ವರ್ ಇಟ್ಟುಕೊಳ್ಳಿ. ಮೊದಲು ಕನೆಕ್ಟ್ ಆಗುವುದು ತಡವಾಗಿ ಉತ್ತರಿಸಲಿ, ಆಮೇಲೆ ಆಗುವುದು ಬೇಗ ಉತ್ತರಿಸಲಿ, ಒಂದು ಸಾಲನ್ನು ಎರಡು ತುಂಡಾಗಿ ಕಳಿಸಲಿ. ಫೈಲಿನಲ್ಲಿ ಆಯಾ ಸರ್ವರ್ ಹೆಸರಿನ ಮುಂದೆ ಅದರದೇ ಸಾಲು ಪೂರ್ತಿಯಾಗಿ ಬಂದಿದ್ದರೆ ಮಾಹಿತಿ ಸರಿಯಾದ ಕೈಗೆ ತಲುಪಿದೆ ಎಂದು ನಂಬಬಹುದು.