ದೋಣಿಯ ಕಾಲು, ಎಣ್ಣೆಯ ಬಣ್ಣ

ಗಂಗೊಳ್ಳಿ ಕಡೆಯ ಮೆಕ್ಯಾನಿಕ್ ಒಬ್ಬರು ಔಟ್‌ಬೋರ್ಡ್ ಎಂಜಿನ್ನಿನ ಕೆಳಗಿನ ಸ್ಕ್ರೂ ಬಿಚ್ಚಿ, ಇಳಿದ ಎಣ್ಣೆಯನ್ನು ಹಳೇ ತಟ್ಟೆಯಲ್ಲಿ ಹಿಡಿದು ನನ್ನ ಮುಂದಿಟ್ಟರು. "ಬಣ್ಣ ಕಾಣಿ ಮಾರಾಯ್ರೆ" ಅಂದರು. ಗೇರ್ ಆಯಿಲ್ ಕಪ್ಪಗಿದ್ದರೆ ಗಾಬರಿಯಿಲ್ಲ, ದುಡಿದಿದೆ ಅಷ್ಟೆ. ತಟ್ಟೆಯಲ್ಲಿದ್ದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣ. ಸಮುದ್ರ ಒಳಗೆ ಬಂದಿತ್ತು.

ನಾಡದೋಣಿಯ ಔಟ್‌ಬೋರ್ಡಿಗೂ ದೊಡ್ಡ ಸ್ಪೀಡ್‌ಬೋಟುಗಳ ಸ್ಟರ್ನ್‌ಡ್ರೈವಿಗೂ ನೀರಿನಡಿಯ ಕಾಲು ಹೆಚ್ಚುಕಡಿಮೆ ಒಂದೇ. ಸ್ಟರ್ನ್‌ಡ್ರೈವಿನಲ್ಲಿ ಎಂಜಿನ್ ದೋಣಿಯೊಳಗೆ ಕೂತಿರುತ್ತದೆ; ಹಿಂಬದಿಯ ಹಲಗೆ ತೂರಿ ಬಂದ ಶಾಫ್ಟು ಹೊರಗೆ ಕೆಳಮುಖವಾಗಿ ತಿರುಗಿ, ತಳದಲ್ಲಿ ಮತ್ತೆ ತಿರುಗಿ ಫ್ಯಾನನ್ನು ಸುತ್ತಿಸುತ್ತದೆ. ಅಮೆರಿಕದ ಜಿಮ್ ವಿನ್ ರೂಪಿಸಿದ ಇದನ್ನು ವೋಲ್ವೊ ಪೆಂಟಾ 'ಅಕ್ವಾಮ್ಯಾಟಿಕ್' ಹೆಸರಿನಲ್ಲಿ 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ತಂದಿತು. ಎರಡು ಕಡೆ ಲಂಬಕೋನದಲ್ಲಿ ತಿರುಗುವ ಹಲ್ಲುಚಕ್ರಗಳ ಭಾರವೆಲ್ಲ ಆ ಎಣ್ಣೆಯ ಮೇಲೆ.

ನೂರು ಗಂಟೆ ಓಡಿದ ಮೇಲೆ ಅಥವಾ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಯಾವಾಗ? ದೋಣಿ ನೀರಿಗಿಳಿಸುವ ಮುನ್ನ ಎನ್ನುತ್ತಾರೆ ಹಲವರು. ದೋಣಿ ಮೇಲೆಳೆದ ದಿನವೇ ಆಗಬೇಕು ಎನ್ನುವುದು ನನ್ನ ಪಟ್ಟು. ಮಲ್ಪೆಯ ಪ್ರವಾಸಿ ದೋಣಿಗಳಂತೆ ಮಳೆಗಾಲವಿಡೀ ಸುಮ್ಮನಿರುವ ಎಂಜಿನ್ನಿನಲ್ಲಿ ಉಪ್ಪುನೀರು ಬೆರೆತ ಎಣ್ಣೆ ಉಳಿದರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಚಳಿದೇಶಗಳಲ್ಲಾದರೆ ಆ ನೀರು ಹೆಪ್ಪುಗಟ್ಟಿ ಕವಚವನ್ನೇ ಸೀಳುತ್ತದೆ. ನಾಡದೋಣಿಯವರ ಲೆಕ್ಕ ಬೇರೆ. ಅವರ ಸುಗ್ಗಿಯೇ ಮಳೆಗಾಲ.

ಎಣ್ಣೆ ತುಂಬುವುದು ಕೆಳಗಿನಿಂದ ಮೇಲಕ್ಕೆ. ವಿಚಿತ್ರ ಅನಿಸಬಹುದು. ಕಾಲು ನೆಟ್ಟಗಿರಬೇಕು, ಕೆಳಗಿನ, ಮೇಲಿನ ಎರಡೂ ಸ್ಕ್ರೂ ಬಿಚ್ಚಿ ಹಳೆಯದು ಪೂರ್ತಿ ಇಳಿಯಲು ಬಿಡಬೇಕು. ಸ್ಕ್ರೂವಿನ ಆಯಸ್ಕಾಂತಕ್ಕೆ ನುಣ್ಣನೆ ಬೂದು ಅಂಟಿದ್ದರೆ ಸಹಜ, ಚೂರು ಸಿಕ್ಕರೆ ಹಲ್ಲು ಮುರಿಯುತ್ತಿದೆ. ಆಮೇಲೆ ಕೆಳಗಿನ ತೂತಿಗೆ ಪಂಪ್ ಹಚ್ಚಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಉಕ್ಕುವವರೆಗೆ ಒತ್ತುವುದು. ಮೇಲಿನಿಂದ ಸುರಿದರೆ ಇಷ್ಟು ದಪ್ಪ ಎಣ್ಣೆ ಗಾಳಿಗೆ ದಾರಿ ಬಿಡದು. ಅರ್ಧ ತುಂಬಿದ್ದೇ ಪೂರ್ತಿ ಎಂದು ಮೋಸ ಹೋಗುತ್ತೇವೆ. ತುಂಬಿದ ಬಳಿಕ ಮೊದಲು ಮೇಲಿನ ಸ್ಕ್ರೂ ಮುಚ್ಚಬೇಕು. ಎಳನೀರಿನ ಸ್ಟ್ರಾದ ಮೇಲ್ತುದಿಗೆ ಬೆರಳಿಟ್ಟರೆ ಒಳಗಿನದು ನಿಲ್ಲುತ್ತದಲ್ಲ, ಹಾಗೆ. ಆಗ ಪಂಪ್ ತೆಗೆದು ಕೆಳಗಿನದನ್ನು ಮುಚ್ಚಲು ಪುರಸೊತ್ತು ಸಿಗುತ್ತದೆ. ಎರಡಕ್ಕೂ ಹೊಸ ವಾಷರೇ ಬೇಕು. ಸಾವಿರಾರು ರೂಪಾಯಿಯ ಗೇರನ್ನು ಹಳೇ ವಾಷರಿನ ನಂಬಿಕೆಗೆ ಬಿಡುವ ಜಿಪುಣತನ ನನಗಂತೂ ಅರ್ಥವಾಗಿಲ್ಲ.

ನೀರು ಬಂದದ್ದೆಲ್ಲಿಂದ ಎಂದು ಹುಡುಕಲು ಫ್ಯಾನ್ ಬಿಚ್ಚಿದೆವು. ಶಾಫ್ಟಿಗೆ ಬಲೆಯ ನೈಲಾನ್ ಎಳೆ ಬಿಗಿಯಾಗಿ ಸುತ್ತಿ, ಕೂದಲಿನಷ್ಟು ತೆಳ್ಳಗಿನ ಆ ಎಳೆಯೇ ರಬ್ಬರ್ ಸೀಲನ್ನು ಕತ್ತರಿಸಿತ್ತು. ಸೀಲು ಬದಲಿಸದೆ ಎಣ್ಣೆಯೊಂದನ್ನೇ ಹೊಸದು ಹಾಕಿದರೆ ಅದೂ ಕಾಫಿಯೇ.

ಫ್ಯಾನ್ ಮರಳಿ ಕೂರಿಸುವಾಗ ಎಂಜಿನ್ನಿನ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ; ಹಗ್ಗ ಎಳೆದು ಶುರುಮಾಡುವ ಎಂಜಿನ್ನಾದರೆ ಪ್ಲಗ್ಗಿನ ವೈರ್ ತೆಗೆದಿಡಿ. ಮೊದಲು ಥ್ರಸ್ಟ್ ವಾಷರ್: ದೋಣಿಯನ್ನು ಮುಂದೆ ತಳ್ಳುವ ಬಲವೆಲ್ಲ ಇದರ ಮೂಲಕವೇ ಶಾಫ್ಟಿಗೆ ಹೋಗುವುದು. ಇದನ್ನು ಮರೆತರೆ ಫ್ಯಾನ್ ಕವಚಕ್ಕೇ ಉಜ್ಜುತ್ತದೆ. ಶಾಫ್ಟಿನ ಗೀರುಗಳಿಗೆ ಮರೈನ್ ಗ್ರೀಸ್ ಧಾರಾಳವಾಗಿ ಬಳಿಯಬೇಕು, ಇಲ್ಲವಾದರೆ ಮುಂದಿನ ವರ್ಷ ಸುತ್ತಿಗೆಯೇ ಗತಿ. ರೆಕ್ಕೆಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡಿಟ್ಟು ನಟ್ಟು ಬಿಗಿದು, ಹೊಸ ಪಿನ್ನು ತೂರಿಸಿ ಕಾಲು ಮಡಚುವುದು.

ಫ್ಯಾನಿನ ಮೇಲಿನ 14, 19 ಅಂಕಿಗಳಲ್ಲಿ ಮೊದಲನೆಯದು ಅಗಲ, ಎರಡನೆಯದು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ಇಂಚು. ಮರಕ್ಕೆ ಸ್ಕ್ರೂ ಇಳಿದಂತೆ ನೀರಿನಲ್ಲಿ ಸಾಗದು, ಒಂದಿಷ್ಟು ಜಾರುತ್ತದೆ. ಎಂಜಿನ್ ಅರಚುತ್ತಿದ್ದರೂ ದೋಣಿ ಕದಲದಿದ್ದರೆ ಒಳಗಿನ ರಬ್ಬರ್ ಬುಷ್ ಜಾರಿದೆ ಎಂದು ಅನುಮಾನಿಸಿ. ಅಳಿವೆಯ ಮರಳುದಿಬ್ಬಕ್ಕೆ ಬಡಿದಾಗ ತಾನು ಸೋತು ಗೇರನ್ನು ಉಳಿಸುವುದೇ ಆ ಬುಷ್ಷಿನ ಕೆಲಸ.

ಸ್ಟರ್ನ್‌ಡ್ರೈವಿನವರಿಗೆ ಇನ್ನೊಂದು ತಲೆನೋವಿದೆ: ಶಾಫ್ಟು ಹೊರಬರುವಲ್ಲಿನ ರಬ್ಬರ್ ತಿದಿ. ಅದು ಬಿರಿದರೆ ನೀರು ಗೇರಿಗಲ್ಲ, ದೋಣಿಯೊಳಕ್ಕೇ ನುಗ್ಗುತ್ತದೆ. ಕಟ್ಟಿಹಾಕಿದಲ್ಲೇ ದೋಣಿ ಮುಳುಗೀತು.

ನಮ್ಮ ಔಟ್‌ಬೋರ್ಡಿಗೆ ಹೊಸ ಸೀಲು ಬಿತ್ತು. ಮಾರನೇ ಬೆಳಿಗ್ಗೆ ಮೆಕ್ಯಾನಿಕ್ ಬಂದವರೇ ಮಾತಾಡದೆ ಕೂತು, ಕೆಳಗಿನ ಸ್ಕ್ರೂವಿನ ಸುತ್ತ ಬೆರಳಾಡಿಸಿ, ಬೆರಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿದರು.