ಹತ್ತು ವರ್ಷ ಆಗದಿದ್ದರೆ ಪಿಎಫ್ ಪೆನ್ಷನ್ ಹಣ ಮುಳುಗುತ್ತಾ?

ಇಟ್ಟಮಡುವಿನ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ಹತ್ತು ವರ್ಷ ಸರ್ವೀಸ್ ಆಗದಿದ್ದರೆ ಪೆನ್ಷನ್ ಹಣ ಸರ್ಕಾರದ ಪಾಲಂತೆ, ಕೆಲಸ ಬಿಟ್ಟ ಕೂಡಲೇ ತೆಗೆದುಬಿಡಬೇಕಂತೆ. ಕಳಿಸಿದವರು ಮೂರು ಗಾರ್ಮೆಂಟ್ಸ್‌ಗಳಲ್ಲಿ ಒಟ್ಟು 11 ವರ್ಷ ಹೊಲಿದವರು. ಎರಡು ಸಲ ಕೆಲಸ ಬಿಟ್ಟಾಗಲೂ ಪೂರ್ತಿ ಹಣ ತೆಗೆದಿದ್ದಾರೆ. ಈಗ ಅವರ ಪೆನ್ಷನ್ ಲೆಕ್ಕದಲ್ಲಿರುವುದು 3 ವರ್ಷ ಮಾತ್ರ.

ಫಾರ್ವರ್ಡ್ ಸುಳ್ಳು. ನಿಮ್ಮ ಸಂಬಳದಿಂದ ಹಿಡಿಯುವ ಶೇ. 12 ಪೂರ್ತಿ ಪಿಎಫ್‌ಗೆ ಹೋಗುತ್ತದೆ. ಮಾಲೀಕರು ಕಟ್ಟುವ ಶೇ. 12ರಲ್ಲಿ ಶೇ. 8.33 ಪೆನ್ಷನ್‌ಗೆ, ಉಳಿದದ್ದು ಪಿಎಫ್‌ಗೆ. ಅಂದರೆ ಇವು ಎರಡು ಬೇರೆ ಗಂಟುಗಳು. ಪೆನ್ಷನ್‌ಗೆ ಬೇಕಾದ 10 ವರ್ಷ ಒಂದೇ ಕಡೆ, ಸತತವಾಗಿ ಆಗಬೇಕಿಲ್ಲ. ಹೊಸ ಕೆಲಸದಲ್ಲಿ ಅದೇ ಯುಎಎನ್ ಕೊಟ್ಟು ಖಾತೆ ವರ್ಗಾಯಿಸಿಕೊಂಡರೆ ಹಳೆಯ ವರ್ಷಗಳೂ ಸೇರುತ್ತವೆ. ಪೆನ್ಷನ್ ಹಣ ತೆಗೆದರೆ ಮಾತ್ರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಹಾಗಂತ ತೆಗೆದವರನ್ನು ಬೈಯಲು ನಾವು ಸಿದ್ಧರಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಬೀದಿಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. 19ರಂದೇ ಕೇಂದ್ರ ಆ ನಿಯಮ ಹಿಂತೆಗೆದುಕೊಂಡಿತು. ಎರಡು ಕೆಲಸಗಳ ನಡುವೆ ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟುವುದು ಇದೇ ಹಣದಲ್ಲಿ. ‘ಮುಳುಗುತ್ತೆ’ ಎಂಬ ಮಾತು ಅವರಲ್ಲಿ ಬೇಗ ನಾಟುವುದು ಸಹಜ.

ಹಣ ಬೇಕೇಬೇಕಾದರೆ ಒಂದು ದಾರಿ ಇದೆ. ಪಿಎಫ್ ತೆಗೆಯಲು ಫಾರ್ಮ್ 19 ಹಾಕಿ. ಪೆನ್ಷನ್‌ನ ಫಾರ್ಮ್ 10ಸಿಯಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ. ದುಡಿದ ವರ್ಷಗಳು ಅದರಲ್ಲಿ ದಾಖಲಾಗಿ ಉಳಿಯುತ್ತವೆ. ಕೆಲಸ ಬಿಟ್ಟು ಎಷ್ಟು ತಿಂಗಳು ಕಾಯಬೇಕೆಂಬ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ಮುನ್ನ ಇಪಿಎಫ್‌ಒ ವೆಬ್‌ಸೈಟ್ ನೋಡಿ.

ಪೆನ್ಷನ್ ಎಷ್ಟು ಬರಬಹುದು? ಕೊನೆಯ 60 ತಿಂಗಳ ಸರಾಸರಿ ವೇತನವನ್ನು (ಮಿತಿ 15,000 ರೂ.) ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 12,000 ರೂ. ವೇತನ, 10 ವರ್ಷ ಸೇವೆ ಇದ್ದರೆ ತಿಂಗಳಿಗೆ ಸುಮಾರು 1,714 ರೂ. ದೊಡ್ಡ ಮೊತ್ತವೇನಲ್ಲ, ನಿಜ. ಆದರೆ 58ರ ನಂತರ ಬದುಕಿರುವವರೆಗೂ ಬರುತ್ತದೆ, ಆಮೇಲೆ ಗಂಡನಿಗೋ ಹೆಂಡತಿಗೋ ಒಂದು ಪಾಲು ಮುಂದುವರಿಯುತ್ತದೆ.

ನಮ್ಮ ಓದುಗರಿಗೆ ಈಗ 39. ಇನ್ನು 7 ವರ್ಷ ಸೇರಿದರೆ ಅವರ ಹತ್ತು ತುಂಬುತ್ತದೆ, ಮುಂದಿನ ಸಲ ಕೆಲಸ ಬಿಟ್ಟಾಗ 10ಸಿಯಲ್ಲಿ ಹಣ ಕೇಳದಿದ್ದರೆ.