ಯಾರ ಯೌವನ, ಯಾರ ಮುಪ್ಪು?

ಯಡಿಯೂರು, ಜಯನಗರ, ಬನಶಂಕರಿಯ ನಮ್ಮ ಕುಟುಂಬಗಳಲ್ಲಿ ಮಗನೋ ಮಗಳೋ ಎಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೊರಟರೆ ಹೆತ್ತವರಿಗೆ ಹೆಮ್ಮೆ; ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರವೆಂದು ಹೊರಟರೆ ಆತಂಕ. "ಅದರಿಂದ ಅನ್ನ ಹುಟ್ಟೀತೇ?" ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಮನೆಯನ್ನು ಒತ್ತೆಯಿಟ್ಟು ಸಾಲ ತರುವವರು ಅವರೇ ಅಲ್ಲವೇ?

ಬಹುಕಾಲ ನಮ್ಮ ನೆರೆಯ ಜೆ.ಪಿ. ನಗರದಲ್ಲಿ ವಾಸವಾಗಿದ್ದು 2019ರಲ್ಲಿ ಅಗಲಿದ ಗಿರೀಶ ಕಾರ್ನಾಡರು ಈ ಇಕ್ಕಟ್ಟನ್ನು ಬಲ್ಲವರು. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಅಭ್ಯಸಿಸಿದರು. ಹುಡುಗ ಮರಳಿ ಬಾರನೇನೋ ಎಂಬ ಭಯ ಮನೆಯವರಿಗೆ. ತನ್ನ ಭವಿಷ್ಯವನ್ನು ಇತರರಿಗಾಗಿ ತ್ಯಾಗಮಾಡಬೇಕೇ ಎಂಬ ಕುದಿ ಮಗನಿಗೆ. ಆ ಕುದಿಯಿಂದಲೇ 'ಯಯಾತಿ' ಹುಟ್ಟಿತೆಂದು ಅವರೇ ಮುಂದೆ ಬರೆದಿದ್ದಾರೆ. 1961ರಲ್ಲಿ ಪ್ರಕಟವಾದ ಆ ನಾಟಕದಲ್ಲಿ ತಂದೆಯ ಮುಪ್ಪನ್ನು ಮಗ ಪುರು ಹೊರುತ್ತಾನೆ. ಆದರೆ ಬೆಲೆ ತೆರುವವಳು ಅವನ ಪತ್ನಿ ಚಿತ್ರಲೇಖೆ. 1963ರಲ್ಲಿ ಕಾರ್ನಾಡರು ಮರಳಿ ಬಂದು ಮದರಾಸಿನಲ್ಲಿ ಕೆಲಸಕ್ಕೆ ಸೇರಿದರು. ಯು.ಆರ್. ಅನಂತಮೂರ್ತಿಯವರೂ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಅಲ್ಲಿದ್ದಾಗಲೇ 'ಸಂಸ್ಕಾರ'ವನ್ನು ಬರೆದರು. 1966ರಲ್ಲಿ ಡಾಕ್ಟರೇಟ್ ಪಡೆದರು. ಹೊರದೇಶದ ಓದು ಇವರನ್ನು ಕನ್ನಡದಿಂದ ದೂರ ಮಾಡಲಿಲ್ಲ.

ಆದರೆ ಒಂದು ಮಾತನ್ನು ಮರೆಯಬಾರದು: ಇವರಿಬ್ಬರೂ ಹೋದದ್ದು ವಿದ್ಯಾರ್ಥಿವೇತನದಿಂದ, ಸಾಲದಿಂದಲ್ಲ. ಇಂದು ಸಾಲಮಾಡಿ ಕಳುಹಿಸುವ ಮನೆಯಲ್ಲಿ 'ಯಯಾತಿ'ಯ ಕಥೆ ತಿರುವುಮುರುವಾಗುತ್ತದೆ. ಮಕ್ಕಳ ಯೌವನಕ್ಕಾಗಿ ಹೆತ್ತವರು ತಮ್ಮ ಮುಪ್ಪನ್ನೇ ಒತ್ತೆಯಿಡುತ್ತಾರೆ. ಚಿತ್ರಲೇಖೆಯಂತೆ ಬೆಲೆ ತೆರುವವಳು, ಓದೋ ಮದುವೆಯೋ ಮುಂದಕ್ಕೆ ಹೋದ ತಂಗಿಯೂ ಆಗಿರಬಹುದು.

ಹಾಗೆಂದು ತಡೆಯುವುದೇ ಪರಿಹಾರವಲ್ಲ. ಡೊಮಿನಿಕನ್ ಸಭೆಯನ್ನು ಸೇರಿದ್ದಕ್ಕಾಗಿ ಸಂತ ತೋಮಸ್ ಅಕ್ವಿನಾಸರನ್ನು ಮನೆಯವರು ಸುಮಾರು ಒಂದು ವರ್ಷ ಕೂಡಿಹಾಕಿದ್ದರು. ಬಿಡುಗಡೆಯಾದ ಮೇಲೆ ಅವರು ಇಟಲಿಯನ್ನು ಬಿಟ್ಟು ಪ್ಯಾರಿಸ್ಸಿಗೂ ಕಲೋನಿಗೂ ಹೋಗಿ, ಮಹಾ ಆಲ್ಬರ್ಟರ ಶಿಷ್ಯರಾದರು. ಬಾಗಿಲು ಮುಚ್ಚುವುದರಿಂದ ಜ್ಞಾನದ ಹಸಿವು ಅಡಗದು.

ಆದ್ದರಿಂದ ಲೆಕ್ಕವನ್ನು ಮೊದಲೇ ಮೇಜಿನ ಮೇಲಿಡಿರಿ. ಅಮೆರಿಕದಲ್ಲಿ ಪದವಿಯ ನಂತರ ಅದೇ ವಿಷಯದಲ್ಲಿ ದುಡಿಯಲು ಸಾಮಾನ್ಯವಾಗಿ 12 ತಿಂಗಳ ಅವಕಾಶವಿದೆ. ಇನ್ನೂ 24 ತಿಂಗಳ ವಿಸ್ತರಣೆ ವಿಜ್ಞಾನ, ತಂತ್ರಜ್ಞಾನ, ಗಣಿತದಂಥ ವಿಷಯಗಳನ್ನು ಓದಿದವರಿಗೆ ಮಾತ್ರ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 2024ರ ಸೆಪ್ಟೆಂಬರಿನಿಂದ, ವೀಸಾಕ್ಕಾಗಿ ವರ್ಷದ ಜೀವನವೆಚ್ಚವೆಂದು 11,904 ಯೂರೋ ತೋರಿಸಬೇಕಾಗಿದೆ. ಪದವಿ ತರಗತಿಗಳೂ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ.

ತಂದೆತಾಯಿಗಳೇ, "ಏಕೆ ಓದುವೆ?" ಎಂದು ಕೇಳಿರಿ, ಉತ್ತರವನ್ನು ಪೂರ್ತಿ ಆಲಿಸಿರಿ. ಮಕ್ಕಳೇ, "ಯಾರು ತೆರುತ್ತಾರೆ?" ಎಂದು ನೀವೂ ಕೇಳಿರಿ. ಮೊದಲು ವಿದ್ಯಾರ್ಥಿವೇತನಕ್ಕೆ ಯತ್ನಿಸಿರಿ. ದೊರೆಯದಿದ್ದರೆ ಒಂದು ವರ್ಷ ಕಾಯುವುದು ಸೋಲಲ್ಲ. ಮನೆಯ ಕಿರಿಯರನ್ನೂ ಕೂರಿಸಿಕೊಂಡು ನಿರ್ಧರಿಸಿರಿ. ತ್ಯಾಗವು ಕೇಳಿ ಪಡೆದದ್ದಾದರೆ ಪ್ರೀತಿ. ಕೇಳದೆ ಹೊರಿಸಿದ್ದಾದರೆ ಶಾಪ.